ಅನುಮಾನಕ್ಕೂ ಒಂದು ಹೊತ್ತು

ಕುಡಿತ ಬಿಡಿಸುವ ಕೇಂದ್ರದಿಂದ ಗಂಡ ಮನೆಗೆ ಬಂದ ಮೊದಲ ವಾರ ಹೆಂಡತಿಯ ಕಿವಿಗೆ ಬೀಳುವ ಬುದ್ಧಿಮಾತೆಲ್ಲ ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತದೆ. ಹಳೇದನ್ನು ಕೆದಕಬೇಡ, ಚುಚ್ಚಿ ಮಾತಾಡಬೇಡ, ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಬೇಡ, ನಂಬು. ಅತ್ತೆ ಇದನ್ನೇ ಹೇಳುತ್ತಾರೆ, ಹೆತ್ತ ತಾಯಿಯೂ ಹೇಳುತ್ತಾಳೆ, ಡಿಸ್ಚಾರ್ಜ್ ಚೀಟಿ ಕೊಡುವವರೂ ಎರಡು ಮಾತು ಸೇರಿಸುತ್ತಾರೆ. ಈ ಉಪದೇಶಕ್ಕೆ ಒಂದು ಬಾಲವೂ ಇರುತ್ತದೆ: ನೀನು ಅನುಮಾನಪಟ್ಟರೆ ಅವನು ಮತ್ತೆ ಶುರು ಹಚ್ಚಿಕೊಳ್ಳುತ್ತಾನೆ, ಆಮೇಲೆ ನಮ್ಮನ್ನು ಕೇಳಬೇಡ. ಅಂಥ ಮೊದಲ ವರ್ಷವೊಂದನ್ನು ಬಾಳಿ ದಾಟಿದವಳು ನಾನು. ನಮ್ಮ ಮನೆಯೊಳಗೆ ಏನೇನಾಯಿತು ಎಂಬುದನ್ನು ಇಲ್ಲಿ ಬಿಚ್ಚುವುದಿಲ್ಲ. ಆ ಕಥೆ ನನ್ನೊಬ್ಬಳದ್ದಲ್ಲ, ಹೇಳುವ ಹಕ್ಕೂ ನನಗೊಬ್ಬಳಿಗೇ ಇಲ್ಲ. ಆ ದಿನಗಳನ್ನು ಈಗ ದೂರದಿಂದ ನೆನೆಯುವಾಗ, ಆ ಬಳಿಕ ಓದಿಕೊಂಡದ್ದನ್ನೂ ಜೊತೆಗಿಟ್ಟು ನೋಡುವಾಗ, ಒಂದು ವಿಷಯ ಮಾತ್ರ ಖಚಿತವಾಗಿ ಹೇಳಬಲ್ಲೆ. ಹೆಂಡತಿಯ ನಂಬಿಕೆಯನ್ನು ಗಂಡನ ಚಿಕಿತ್ಸೆಯ ಬಾಬತ್ತಿಗೆ ಸೇರಿಸಬಾರದು. ಅವಳ ಅನುಮಾನವನ್ನು ಬಾಯಿ ಮುಚ್ಚಿಸುವುದಕ್ಕಿಂತ, ಅದಕ್ಕೆ ದಿನದಲ್ಲಿ ಒಂದು ಹೊತ್ತು ಗೊತ್ತುಮಾಡಿ, ಉಳಿದ ಹೊತ್ತು ಇಬ್ಬರನ್ನೂ ಅದರಿಂದ ಬಿಡುಗಡೆ ಮಾಡುವುದು ಮೇಲು.

ಅನುಮಾನ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಬೇಕು. ಹೊರಗಿನವರಿಗೆ ಅದು ಹೆಂಗಸಿನ ಸ್ವಭಾವದ ಕೊರತೆಯಂತೆ ಕಾಣುತ್ತದೆ. ಮನೆಯೊಳಗಿದ್ದವಳಿಗೆ ಅದು ವರ್ಷಗಟ್ಟಲೆ ಕೂತು ಕಲಿತ ವಿದ್ಯೆ. ಗೇಟಿನ ಚಿಲಕದ ಸದ್ದಿನಲ್ಲೇ ಒಳಗೆ ಎಷ್ಟು ಇಳಿದಿದೆ ಎಂದು ಲೆಕ್ಕ ಹಾಕುವುದು, ಫೋನಿನಲ್ಲಿ ಬಂದ ಒಂದು ‘ಹಲೋ’ದಲ್ಲಿ ನಾಲಿಗೆ ದಪ್ಪಗಾಗಿದೆಯೋ ಇಲ್ಲವೋ ತಿಳಿಯುವುದು, ಬಾಯಲ್ಲಿ ಏಲಕ್ಕಿಯ ಘಮ ಬಂದರೆ ಅದೇ ಸಾಕ್ಷಿ ಎಂದು ಅರಿಯುವುದು, ಸ್ಕೂಟರಿನ ಡಿಕ್ಕಿ, ಅಟ್ಟದ ಮೇಲಿನ ಹಳೆಯ ಹಂಡೆ, ನೀರಿನ ಟ್ಯಾಂಕಿನ ಹಿಂದುಗಡೆ ಎಲ್ಲವನ್ನೂ ಕಣ್ಣಲ್ಲೇ ಶೋಧಿಸುವುದು. ಸಂಬಳದ ಹಣ ಮನೆ ಸೇರಬೇಕಾದರೆ, ಮಕ್ಕಳು ಪೆಟ್ಟಿನಿಂದ ದೂರ ಇರಬೇಕಾದರೆ ಈ ವಿದ್ಯೆ ಬೇಕಿತ್ತು. ಡಿಸ್ಚಾರ್ಜ್ ಆದ ಮಧ್ಯಾಹ್ನದಿಂದ ಅದನ್ನು ಮರೆತುಬಿಡು ಎಂದರೆ ಮೂಗು, ಕಿವಿ ಒಪ್ಪುವುದಿಲ್ಲ. ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಲೇ ಇರುತ್ತವೆ.

ನಮ್ಮ ಕಡೆಯ ಹೆಂಗಸರಿಗೆ ಇನ್ನೊಂದು ಪಾಠವೂ ಆಗಿರುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ಗಂಡಸು ನಲವತ್ತೊಂದು ದಿನ ಎಣ್ಣೆಯ ವಾಸನೆಯತ್ತಲೂ ಸುಳಿಯುವುದಿಲ್ಲ. ಬೆಳಗ್ಗೆ ಸಂಜೆ ತಣ್ಣೀರ ಸ್ನಾನ, ಚಾಪೆಯ ಮೇಲೆ ನಿದ್ದೆ, ಮನೆಯವರಿಗೆಲ್ಲ ಅವನು ‘ಸ್ವಾಮಿ’. ಹಾಗೆಯೇ ಶ್ರಾವಣ ಮಾಸ ಪೂರ್ತಿ ಮುಟ್ಟದವರೂ ಇದ್ದಾರೆ. ಮಾಲೆ ತೆಗೆದ ಸಂಜೆಯೇ ಬಾರಿನ ಕಡೆ ನಡೆದವರನ್ನು ಕಂಡ ಹೆಂಡತಿಗೆ ಒಂದು ಸತ್ಯ ತಿಳಿದುಹೋಗಿದೆ: ಬಿಡುವುದು ದೊಡ್ಡದಲ್ಲ, ನಲವತ್ತೆರಡನೆಯ ದಿನ ದೊಡ್ಡದು. ಕೇಂದ್ರದಲ್ಲಿ ಒಂದು ತಿಂಗಳು ಮುಟ್ಟದೆ ಇದ್ದದ್ದನ್ನು ಊರೆಲ್ಲ ಪವಾಡವೆಂದು ಹೊಗಳುವಾಗ ಮನೆಯಲ್ಲಿ ಸುಮ್ಮನಿರುವವಳು ಅವಳೊಬ್ಬಳೇ. ಬಾಗಿಲು ಹಾಕಿದ ಜಾಗದಲ್ಲಿ, ಕುಡಿಯಲು ಏನೂ ಸಿಗದ ಕಡೆ ಬಿಟ್ಟದ್ದಕ್ಕೂ, ಮೂಲೆಮೂಲೆಗೆ ಅಂಗಡಿಯಿರುವ ಬೀದಿಯಲ್ಲಿ ಬಿಟ್ಟಿರುವುದಕ್ಕೂ ಇರುವ ಅಂತರ ಅವಳಿಗೆ ಗೊತ್ತು.

ವಿದ್ವಾಂಸರ ಲೆಕ್ಕ ಕೂಡ ಅವಳ ಪಕ್ಕದಲ್ಲೇ ಇದೆ. 1971ರಲ್ಲಿ ಹಂಟ್, ಬಾರ್ನೆಟ್, ಬ್ರಾಂಚ್ ಎಂಬ ಮೂವರು ಅಮೆರಿಕದ ಸಂಶೋಧಕರು ಮದ್ಯ, ಹೆರಾಯಿನ್, ತಂಬಾಕು ಮೂರರಲ್ಲೂ ಚಿಕಿತ್ಸೆ ಮುಗಿಸಿದವರ ಹಾದಿಯನ್ನು ಗೆರೆ ಹಾಕಿ ನೋಡಿದರು. ಮೂರು ಗೆರೆಗಳೂ ಹೆಚ್ಚುಕಡಿಮೆ ಒಂದೇ ಥರ ಇಳಿದವು: ಸುಮಾರು ಮೂರನೇ ಎರಡು ಪಾಲು ಜನ ಮೊದಲ ಮೂರು ತಿಂಗಳೊಳಗೆ ಮತ್ತೆ ಮುಟ್ಟಿದ್ದರು. ಒಮ್ಮೆ ಮುಟ್ಟಿದರೆ ಎಲ್ಲ ಮುಳುಗಿತು ಎಂದು ಈಗ ಯಾವ ವೈದ್ಯರೂ ಹೇಳುವುದಿಲ್ಲ, ಚಿಕಿತ್ಸೆಯೂ ಅಂದಿನಿಂದ ಬಹಳ ಸುಧಾರಿಸಿದೆ. ಆದರೂ ಮೊದಲ ತಿಂಗಳುಗಳೇ ಕಡಿದು ಎಂಬ ಮಾತು ಹಾಗೇ ಉಳಿದಿದೆ. ಇನ್ನೊಂದು ತುದಿಯಿಂದ ಹಾರ್ವರ್ಡ್‌ನ ಜಾರ್ಜ್ ವೇಲಂಟ್ ನೋಡಿದರು. ದಶಕಗಟ್ಟಲೆ ಒಂದೇ ಗಂಡಸರ ಗುಂಪಿನ ಬೆನ್ನು ಹತ್ತಿದ ಅವರಿಗೆ ಕಂಡದ್ದು, ಐದು ವರ್ಷ ಮುಟ್ಟದೆ ದಾಟಿದ ಮೇಲೆ ಮತ್ತೆ ಬೀಳುವುದು ಅಪರೂಪ ಎಂದು. ಹಾಗಾದರೆ ಮೊದಲ ವಾರದಲ್ಲಿ ನಂಬದ ಹೆಂಡತಿ ಕೆಟ್ಟವಳೂ ಅಲ್ಲ, ಕಲ್ಲುಮನಸ್ಸಿನವಳೂ ಅಲ್ಲ. ಆ ಮನೆಯಲ್ಲಿ ಸರಿಯಾದ ಅಂದಾಜಿರುವ ಒಬ್ಬಳು. ಅವಳಿಂದ ಏಳು ದಿನದಲ್ಲಿ ಕೇಳುವುದನ್ನು ಸಂಶೋಧಕರು ಐದು ವರ್ಷಕ್ಕೆ ಮೊದಲು ಕೊಡುವುದಿಲ್ಲ.

ಅದೂ ಅಲ್ಲದೆ ಮನೆಗೆ ಬಂದವನು ಮೊದಲಿನ ಮನುಷ್ಯನೂ ಅಲ್ಲ, ಹೊಸ ಮನುಷ್ಯನೂ ಅಲ್ಲ. ಕೈ ನಡುಕ, ಬೆವರು, ಇಲ್ಲದ್ದು ಕಣ್ಣಿಗೆ ಕಾಣುವುದು, ಇವೆಲ್ಲ ಕುಡಿತ ನಿಲ್ಲಿಸಿದ ಮೊದಲ ಕೆಲವು ದಿನಗಳ ಮಾತು. ಅವು ಆಸ್ಪತ್ರೆಯಲ್ಲೇ ಮುಗಿದಿರುತ್ತವೆ. ಮನೆಗೆ ಬಂದ ಮೇಲಿನದ್ದು ಬೇರೆ: ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಸರಿಯಾಗದ ನಿದ್ದೆ, ಸಣ್ಣದಕ್ಕೆಲ್ಲ ಸಿಡುಕು, ಸಂಜೆ ಆರರಿಂದ ಒಂಬತ್ತರವರೆಗೆ ಏನು ಮಾಡಬೇಕೆಂದು ತೋಚದ ಚಡಪಡಿಕೆ, ಸಿಹಿಯ ಮೇಲೆ ಆಸೆ, ಒಂದೊಂದು ಸಲ ಯಾವ ಕಾರಣವೂ ಇಲ್ಲದ ಮೌನ. ಈ ಸಿಡುಕೂ ಈ ಮೌನವೂ ಕುಡಿದ ದಿನಗಳ ಸಿಡುಕು ಮೌನಗಳಂತೆಯೇ ಇರುತ್ತವೆ. ಗುರುತಿಗೆ ಸಿಕ್ಕ ಲಕ್ಷಣಗಳೆಲ್ಲ ಎದುರಿಗಿದ್ದೂ ‘ಇದು ಅದಲ್ಲ’ ಎಂದು ನಂಬಬೇಕಾದ ಸ್ಥಿತಿ ಅವಳದು. ಕೇಂದ್ರದವರು ಇದನ್ನು ಮೊದಲೇ ಕೂರಿಸಿ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ ಎಂದು ನನ್ನ ಎಣಿಕೆ.

ಗಂಡ ಕುಡಿತ ಬಿಟ್ಟ ಮೇಲೆ ಹೆಂಡತಿಗೆ ಸಿಟ್ಟು ಯಾಕೆ ಬರುತ್ತದೆ, ಕುಡಿಯುವಾಗ ತಡೆದುಕೊಂಡವಳು ಈಗ ಯಾಕೆ ಸಿಡಿಯುತ್ತಾಳೆ ಎಂದು ನಮ್ಮವರು ಬೆರಗಾಗುತ್ತಾರೆ. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ನ್ಯೂಯಾರ್ಕಿನದು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಸ್ಥೆಯನ್ನು 1935ರಲ್ಲಿ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬನಾದ ಬಿಲ್ ವಿಲ್ಸನ್, 1934ರ ಡಿಸೆಂಬರಿನಲ್ಲಿ ಟೌನ್ಸ್ ಎಂಬ ಆಸ್ಪತ್ರೆಯಿಂದ ಮನೆಗೆ ಬಂದವನು ಮತ್ತೆಂದೂ ಕುಡಿಯಲಿಲ್ಲ. ಅವನ ಹೆಂಡತಿ ಲೋಯಿಸ್ ಅಷ್ಟು ವರ್ಷ ದೊಡ್ಡ ಅಂಗಡಿಯೊಂದರಲ್ಲಿ ದುಡಿದು ಮನೆ ನಡೆಸಿದ್ದಳು. ಅವಳು ಬೇಡಿದ್ದು ಸಿಕ್ಕಿತ್ತು. ಆದರೆ ಗಂಡ ಈಗ ಬೇರೆ ಕುಡುಕರನ್ನು ಸರಿಮಾಡುವ ಭರದಲ್ಲಿ ಮನೆಯಲ್ಲೇ ಇರುತ್ತಿರಲಿಲ್ಲ, ಇದ್ದರೆ ಮನೆ ತುಂಬ ಅವರೇ ಇರುತ್ತಿದ್ದರು. ಒಂದು ದಿನ ಸಭೆಗೆ ಹೊತ್ತಾಯಿತು, ಬೇಗ ಹೊರಡು ಎಂದು ಅವನು ಹೇಳಿದಾಗ ಅವಳು ಕೈಗೆ ಸಿಕ್ಕ ಶೂವನ್ನು ಅವನತ್ತ ಎಸೆದಳು. ಅವಳೇ ಮುಂದೆ ಹೇಳಿಕೊಂಡ ಸಂಗತಿ ಇದು. ಕುಡಿದು ಬಿದ್ದಿದ್ದ ಗಂಡನನ್ನು ಎತ್ತಿ ಮಲಗಿಸಿದವಳು, ನೆಟ್ಟಗೆ ನಿಂತ ಗಂಡನ ಮೇಲೆ ಎಸೆದಳು. ಇದರಲ್ಲಿ ವಿಚಿತ್ರವೇನೂ ಇಲ್ಲ. ಕುಡಿತದ ಕಾಲದಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಪುರುಸೊತ್ತಿರುವುದಿಲ್ಲ. ಆ ರಾತ್ರಿ ಕಳೆದರೆ ಸಾಕಾಗಿರುತ್ತದೆ. ಅಪಾಯ ಇಳಿದ ಮೇಲೆ ಹಿಂದಿನದೆಲ್ಲ ಸರದಿಯ ಮೇಲೆ ಬರುತ್ತದೆ.

1939ರಲ್ಲಿ ಆ ಸಂಸ್ಥೆಯ ಮೂಲ ಪುಸ್ತಕ ಬಂದಾಗ ಅದರಲ್ಲಿ ಹೆಂಡತಿಯರಿಗಾಗಿ ಒಂದು ಅಧ್ಯಾಯ ಇತ್ತು. ಹೆಂಡತಿಯ ದನಿಯಲ್ಲಿ ಅದನ್ನು ಬರೆದವನು ಬಿಲ್. ತಾನು ಬರೆಯುತ್ತೇನೆಂದು ಲೋಯಿಸ್ ಎಣಿಸಿದ್ದಳು, ಅವಕಾಶ ಸಿಗಲಿಲ್ಲ, ಆ ನೋವು ಅವಳಿಗೆ ಉಳಿಯಿತು. ಕುಡಿತ ಬಿಟ್ಟ ಗಂಡಸು, ಹೆಂಡತಿ ಹೇಗಿರಬೇಕು ಎಂದು ಹೆಂಡತಿಯ ಬಾಯಿಂದಲೇ ಹೇಳಿಸುವ ಈ ಏರ್ಪಾಡು ನಮ್ಮ ಕಡೆಯೂ ಚೆನ್ನಾಗಿ ಬೇರೂರಿದೆ. ಅದಕ್ಕೆ ಪುಸ್ತಕ ಬೇಕಿಲ್ಲ, ನೆಂಟರು ಸಾಕು. ಲೋಯಿಸ್ ಕೊನೆಗೆ ಮಾಡಿದ್ದು ಬೇರೆ ಮನೆ ಕಟ್ಟುವ ಕೆಲಸ. ಗಂಡಂದಿರ ಸಭೆ ನಡೆಯುವಾಗ ಅಡುಗೆಮನೆಯಲ್ಲಿ, ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಹೆಂಗಸರನ್ನು ಸೇರಿಸಿ 1951ರಲ್ಲಿ ಗೆಳತಿಯೊಬ್ಬಳ ಜೊತೆ ಅಲ್-ಅನಾನ್ ಶುರುಮಾಡಿದಳು. ಗಂಡ ಕುಡಿದರೂ ಬಿಟ್ಟರೂ ಹೆಂಡತಿಯ ಚೇತರಿಕೆ ತನ್ನದೇ ಹಾದಿಯಲ್ಲಿ, ತನ್ನದೇ ವೇಗದಲ್ಲಿ ನಡೆಯುತ್ತದೆ ಎಂಬುದು ಆ ಗುಂಪಿನ ಬುನಾದಿ. ಗಂಡ ಕುಡಿತ ಬಿಟ್ಟು ಹದಿನಾರು ವರ್ಷವಾದ ಮೇಲೆ ಅದು ರೂಪ ಪಡೆಯಿತು ಎಂಬುದನ್ನು ಗಮನಿಸಬೇಕು.

ಈಗ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. ಮನೆಯ ಜಗಳ, ಚುಚ್ಚುಮಾತು ಮತ್ತೆ ಕುಡಿತಕ್ಕೆ ದೂಡುತ್ತದೆ ಎಂದು ಸಂಶೋಧನೆಯೇ ಹೇಳುವಾಗ ಹೆಂಡತಿಗೆ ಸುಮ್ಮನಿರು ಎನ್ನುವುದರಲ್ಲಿ ತಪ್ಪೇನು? ಆಕ್ಷೇಪದ ಮೊದಲರ್ಧ ನಿಜ. ಅಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ 1985ರ ತಮ್ಮ ಗ್ರಂಥದಲ್ಲಿ, ಮತ್ತೆ ಬೀಳುವ ಸಂದರ್ಭಗಳಲ್ಲಿ ಮುಕ್ಕಾಲು ಪಾಲಿನಷ್ಟನ್ನು ಮೂರು ಗುಂಪಿಗೆ ಸೇರಿಸಿದರು: ಮನಸ್ಸಿನ ಬೇಗುದಿ, ಇನ್ನೊಬ್ಬರೊಡನೆ ಜಗಳ, ಜೊತೆಗಾರರ ಒತ್ತಾಯ. ಟೀಕೆ ಹೆಚ್ಚಿರುವ ಮನೆಗಳಲ್ಲಿ ಮತ್ತೆ ಬೀಳುವ ಸಂಭವ ಹೆಚ್ಚು ಎಂದು ಟಿಮೊಥಿ ಓಫ್ಯಾರೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ತಂಡವೂ ತೋರಿಸಿತು. ಆದರೆ ಇಲ್ಲಿಂದ ‘ಆದ್ದರಿಂದ ಹೆಂಡತಿ ನಂಬಬೇಕು’ ಎಂಬಲ್ಲಿಗೆ ನೆಗೆಯಲು ದಾರಿಯಿಲ್ಲ. ಮಾರ್ಲಟ್ ಅವರ ಪಟ್ಟಿಯಲ್ಲಿ ಜಗಳಕ್ಕೆ ಒಂದು ಪಾಲಿದ್ದರೆ ಗೆಳೆಯರ ‘ಒಂದೇ ಒಂದು ಪೆಗ್ಗು, ಏನಾಗಲ್ಲ ಬಾರೋ’ಗೂ ಒಂದು ಪಾಲಿದೆ. ಆ ಗೆಳೆಯರ ಮನೆಗೆ ಹೋಗಿ ಯಾರೂ ಬುದ್ಧಿ ಹೇಳುವುದಿಲ್ಲ. ಅಲ್ಲದೆ ಎದೆಯಲ್ಲಿ ಅನುಮಾನ ಇಟ್ಟುಕೊಂಡು ಬಾಯಿ ಕಟ್ಟಿಕೊಂಡವಳು ಸುಮ್ಮನಿರುವುದಿಲ್ಲ. ಪಾತ್ರೆ ಕುಕ್ಕುತ್ತಾಳೆ, ಮಕ್ಕಳ ಮೇಲೆ ರೇಗುತ್ತಾಳೆ, ರಾತ್ರಿ ಅವನ ಜೇಬು ತಡಕುತ್ತಾಳೆ. ಮಾತಿಲ್ಲದಿದ್ದರೂ ಅವನಿಗೆ ಇದೂ ಟೀಕೆಯೇ.

ಇದೇ ಓಫ್ಯಾರೆಲ್ ದಂಪತಿಗಳಿಗಾಗಿ ಕಟ್ಟಿದ ಚಿಕಿತ್ಸೆಯನ್ನು ನೋಡಿದರೆ ನನ್ನ ವಾದಕ್ಕೆ ಬೇಕಾದ್ದು ಅಲ್ಲೇ ಸಿಗುತ್ತದೆ. ಅದು ಹೆಂಡತಿಯಿಂದ ನಂಬಿಕೆಯನ್ನು ಬೇಡುವುದಿಲ್ಲ, ಇಬ್ಬರ ನಡುವೆ ಒಂದು ಕರಾರನ್ನು ಬೇಡುತ್ತದೆ. ದಿನಕ್ಕೊಂದು ಸಲ, ಗೊತ್ತಾದ ಹೊತ್ತಿನಲ್ಲಿ, ಅವನು ನಿನ್ನೆಯಿಂದ ಮುಟ್ಟಿಲ್ಲ, ಇವತ್ತೂ ಮುಟ್ಟುವುದಿಲ್ಲ ಎಂದು ಅವಳಿಗೆ ಹೇಳುತ್ತಾನೆ. ವೈದ್ಯರು ಮಾತ್ರೆ ಬರೆದಿದ್ದರೆ ಅವಳೆದುರು ನುಂಗುತ್ತಾನೆ. ಅವಳು ಕೃತಜ್ಞತೆ ಹೇಳುತ್ತಾಳೆ, ಕ್ಯಾಲೆಂಡರಿನಲ್ಲಿ ಒಂದು ಗುರುತು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಹಳೆಯ ಕುಡಿತದ ಪಂಚಾಯ್ತಿ, ಮುಂದೆ ಕುಡಿದುಬಿಟ್ಟರೆ ಎಂಬ ಹೆದರಿಕೆ ಎರಡನ್ನೂ ಆಪ್ತಸಮಾಲೋಚಕರ ಮುಂದೆ ಮಾತ್ರ ತೆಗೆಯಬೇಕು. ನಮ್ಮ ಗಂಡಹೆಂಡಿರಿಗೆ ಇದು ನಾಟಕದಂತೆ ಅನ್ನಿಸುವುದು ನಿಜ. ಮನೆಯೊಳಗೆ ಥ್ಯಾಂಕ್ಸ್ ಹೇಳಿಕೊಳ್ಳುವ ರೂಢಿಯೇ ನಮಗಿಲ್ಲ. ಆ ಹೊತ್ತಿಗೆ ಒಂದು ಲೋಟ ಕಾಫಿ ಮುಂದಿಟ್ಟರೆ ಅದೇ ಥ್ಯಾಂಕ್ಸು. ಆದರೆ ಆ ಐದು ನಿಮಿಷದ ಗುಣ ದೊಡ್ಡದು. ಅವಳ ಅನುಮಾನಕ್ಕೆ ಕೇಳುವ ಹಕ್ಕು ಸಿಕ್ಕಿತು, ಹಾಗಾಗಿ ದಿನದ ಉಳಿದ ಹೊತ್ತೆಲ್ಲ ಅದು ಮೂಸಿ ನೋಡಬೇಕಾಗಿಲ್ಲ. ಅವನಿಗೂ ದಿನವಿಡೀ ಕಟಕಟೆಯಲ್ಲಿ ನಿಲ್ಲುವ ಕಷ್ಟ ತಪ್ಪಿತು. ಮುಖ್ಯವಾಗಿ, ಹೇಳಬೇಕಾದವನು ಅವನು. ಹಿಡಿಯಬೇಕಾದ ಪೊಲೀಸಿನ ಕೆಲಸ ಅವಳದಲ್ಲ.

ಮಾತ್ರೆಯ ವಿಚಾರ ಬಂದದ್ದರಿಂದ ಒಂದು ಮಾತು. ನಮ್ಮಲ್ಲಿ ಮನೆಗೆ ಕಳಿಸುವಾಗ ವೈದ್ಯರು ಬರೆಯುವ ಔಷಧಿಗಳಲ್ಲಿ ಕೆಲವು ಕುಡಿಯುವ ಹಂಬಲವನ್ನು ತಗ್ಗಿಸುವಂಥವು, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇತ್ಯಾದಿ. ಡೈಸಲ್ಫಿರಾಂ ಬೇರೆ ಜಾತಿಯದು. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಅದರ ಒಂದು ಗುಣ ಪತ್ತೆಯಾಯಿತು: ಮದ್ಯ ದೇಹದಲ್ಲಿ ಕರಗುವ ಹಾದಿಯನ್ನು ಅದು ನಡುವೆ ತಡೆಯುತ್ತದೆ. ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯಬಹುದು. ಕೊನೆಯ ಮಾತ್ರೆಯಿಂದ ಎರಡು ವಾರದವರೆಗೂ ಈ ಅಪಾಯ ಇರಬಲ್ಲದು. ಅವನಿಗೆ ಎಲ್ಲ ತಿಳಿದು, ಒಪ್ಪಿ, ಮನೆಯವರೆದುರು ನುಂಗಿದರೆ ಮಾತ್ರ ಇದಕ್ಕೆ ಅರ್ಥ, ಮತ್ತು ಬಲ. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂದು ಮಾರುವ ಪುಡಿಗಳ ಜಾಹೀರಾತಿದೆಯಲ್ಲ, ಅದನ್ನು ನಂಬಿ ಸಾಂಬಾರಿಗೆ ಕದಡುವ ಹೆಂಗಸು ಎರಡು ಅಪಾಯ ಒಟ್ಟಿಗೆ ತಂದುಕೊಳ್ಳುತ್ತಾಳೆ: ಅವನ ಜೀವಕ್ಕೊಂದು, ಮುಂದೆಂದಾದರೂ ಹುಟ್ಟಬಹುದಾಗಿದ್ದ ನಂಬಿಕೆಗೊಂದು. ಕದ್ದು ಕುಡಿಯುವವನಿಗೆ ಕದ್ದು ಕೊಡುವ ಔಷಧಿ ಆ ಮನೆಯ ಹಳೆಯ ಆಟವನ್ನೇ ಮುಂದುವರಿಸುತ್ತದೆ.

ಹೆಂಡತಿಯ ಮೇಲೆ ಹೊಣೆ ಹೊರಿಸುವ ಚಾಳಿ ನಮ್ಮ ಅತ್ತೆಯಂದಿರದ್ದು ಮಾತ್ರ ಎಂದುಕೊಳ್ಳಬಾರದು, ವಿದ್ವತ್ತೂ ಅದರಲ್ಲಿ ಪಾಲುದಾರ. 1953ರಲ್ಲಿ ಥೆಲ್ಮಾ ವೇಲನ್ ಎಂಬ ಸಮಾಜ ಕಾರ್ಯಕರ್ತೆ ಕುಡುಕರ ಹೆಂಡತಿಯರನ್ನು ನಾಲ್ಕು ಜಾತಿಯಾಗಿ ವಿಂಗಡಿಸಿ ಒಂದೊಂದಕ್ಕೆ ಪ್ರಾಸವಿಟ್ಟು ಹೆಸರು ಕೊಟ್ಟಳು: ನರಳುವ ಸೂಸನ್, ಹಿಡಿತದ ಕ್ಯಾಥರೀನ್, ಹೊಯ್ದಾಡುವ ವಿನಿಫ್ರೆಡ್, ದಂಡಿಸುವ ಪಾಲಿ. ಇಂಥ ಗಂಡನನ್ನು ಇವರು ಆರಿಸಿಕೊಂಡದ್ದೇ ತಮ್ಮೊಳಗಿನ ಯಾವುದೋ ಕೊರತೆ ತುಂಬಿಕೊಳ್ಳಲು ಎಂಬ ಧಾಟಿ. ಮರುವರ್ಷವೇ ಜೋನ್ ಜಾಕ್ಸನ್ ಇದನ್ನು ತಲೆಕೆಳಗು ಮಾಡಿದರು. ಸಿಯಾಟಲ್ ನಗರದಲ್ಲಿ ಇಂಥ ಹೆಂಡತಿಯರ ಸಭೆಗಳಲ್ಲಿ ಕೂತು ಕೇಳಿದ ಅವರಿಗೆ ಕಂಡದ್ದು ನಾಲ್ಕು ಜಾತಿಯ ಹೆಂಗಸರಲ್ಲ, ಏಳು ಹಂತಗಳನ್ನು ದಾಟುವ ಒಂದೇ ಹೆಂಗಸು. ಮೊದಲು ಏನೂ ಆಗಿಲ್ಲವೆಂಬಂತೆ ಇರುತ್ತಾಳೆ, ಆಮೇಲೆ ತಿದ್ದಲು ನೋಡುತ್ತಾಳೆ, ಕಂಗೆಡುತ್ತಾಳೆ, ಮತ್ತೆ ಎದ್ದು ಮನೆಯ ಲಗಾಮು ತಾನೇ ಹಿಡಿಯುತ್ತಾಳೆ. ಅವಳು ಹಾಗೆ ನಡೆದುಕೊಳ್ಳುವುದು ಆ ಹೊತ್ತಿನ ಬಿಕ್ಕಟ್ಟಿಗೆ ಕೊಡುವ ಉತ್ತರ. 1986ರಲ್ಲಿ ಮೆಲಡಿ ಬೀಟಿಯವರ ಪುಸ್ತಕ ಬಂದ ಮೇಲೆ ಸಹ-ಅವಲಂಬನೆ ಎಂಬ ಇನ್ನೊಂದು ಹಣೆಪಟ್ಟಿ ಜಗತ್ತಿನಾದ್ಯಂತ ಓಡಾಡಿತು. ಅದರಿಂದ ನೆಮ್ಮದಿ ಕಂಡ ಹೆಂಗಸರೂ ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಬ್ರಿಟನ್ನಿನ ಜಿಮ್ ಆರ್ಫರ್ಡ್ ಮತ್ತವರ ಸಂಗಡಿಗರು ಹಲವು ದೇಶಗಳ ಮನೆಗಳನ್ನು ನೋಡಿ ಹೇಳಿದ ಮಾತು ನನಗೆ ಹೆಚ್ಚು ಒಪ್ಪಿಗೆ: ಇವರು ರೋಗಿಗಳಲ್ಲ, ಭಾರೀ ಒತ್ತಡದಲ್ಲಿ ಸಿಕ್ಕಿ ತಮಗೆ ತೋಚಿದಂತೆ ನಿಭಾಯಿಸುತ್ತಿರುವ ಸಾಮಾನ್ಯ ಜನ. ಅವರಿಗೆ ಬೇಕಾದ್ದು ಆಸರೆ.

ಆಸರೆ ಎಲ್ಲಿದೆ? ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಹೊರತಂದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದವರಲ್ಲಿ ಯಾವುದೋ ಒಂದು ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು, ಒಳರೋಗಿಯಾಗಿ ದಾಖಲಾದವರು 180ಕ್ಕೆ ಒಬ್ಬರು. ಅಂದರೆ ಕೇಂದ್ರಕ್ಕೆ ಹೋಗಿ ಬಂದ ಗಂಡ ಲಾಟರಿ ಹೊಡೆದವನ ಹಾಗೆ. ಅಷ್ಟು ಕಷ್ಟಪಟ್ಟು, ಒಡವೆ ಅಡವಿಟ್ಟು ಸೇರಿಸಿದ್ದು ಹಾಳಾಗಬಾರದು ಎಂಬ ಆತಂಕ ಇಡೀ ಬಳಗಕ್ಕೆ. ಆ ಆತಂಕವೆಲ್ಲ ಹೆಂಡತಿಯ ಬಾಯಿಗೆ ಬೀಗವಾಗುತ್ತದೆ. ಹೆಂಡತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಕಡೆಗಳಿಲ್ಲ ಎಂದೇನಲ್ಲ. ಮದ್ಯವ್ಯಸನದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಶುರುಮಾಡಿದ ಸಂಸ್ಥೆಯ ಟಿಟಿಕೆ ಆಸ್ಪತ್ರೆಯಲ್ಲಿ ಮನೆಯವರಿಗೂ ಪ್ರತ್ಯೇಕ ಕಾರ್ಯಕ್ರಮ ಚಿಕಿತ್ಸೆಯ ಭಾಗವೇ ಆಗಿದೆ. ನಮ್ಮಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಹಳ್ಳಿಗಳ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಕಲ್ಯಾಣಮಂಟಪ, ಸಮುದಾಯಭವನಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಿವೆ. ಶಿಬಿರ ಮುಗಿದ ಮೇಲೂ ಬಿಟ್ಟವರೆಲ್ಲ ನವಜೀವನ ಸಮಿತಿಯೆಂದು ಊರಲ್ಲಿ ಸೇರುತ್ತಿರುವುದು ನನಗೆ ಆ ಏರ್ಪಾಡಿನ ಅತಿ ಬುದ್ಧಿವಂತ ಭಾಗವಾಗಿ ಕಾಣುತ್ತದೆ. ಅವನು ಈ ವಾರ ಹೇಗಿದ್ದಾನೆ ಎಂದು ಕೇಳಲು ಅವನಂಥವರೇ ಹತ್ತು ಜನ ಇದ್ದರೆ ಹೆಂಡತಿಯ ಪಾಲಿನ ಕಾವಲು ಅಷ್ಟು ಹಗುರ.

ಹೆಂಡತಿಯ ಅನುಮಾನ ಗಂಡನೊಬ್ಬನ ಮೇಲಿನದ್ದಲ್ಲ, ಅವನು ಮನೆಗೆ ಬರುವ ದಾರಿಯ ಮೇಲಿನದ್ದೂ ಹೌದು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಅದರ ಜಾಗಕ್ಕೆ ಕ್ವಾರ್ಟರ್ ಬಂತು. 2024-25ರ ಬಜೆಟ್ಟಿನಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ಬರಬೇಕೆಂದು ಸರ್ಕಾರ ಗುರಿ ಇಟ್ಟುಕೊಂಡಿತು. 2019ರ ಜನವರಿಯಲ್ಲಿ ರಾಯಚೂರು ಮುಂತಾದ ಕಡೆಯ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದದ್ದು ಎಲ್ಲರಿಗೂ ಗೊತ್ತು. ನಿಷೇಧ ಸರಿಯೋ ಅಲ್ಲವೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಇಷ್ಟು ಕೋಟಿಯ ಗುರಿ ಅವನ ಓಣಿಯ ಬಾರಿನ ಮೇಲೂ ಹಂಚಿಕೆಯಾಗಿರುವಾಗ, ನಂಬಿಕೆ ಕಡಿಮೆಯಾದ್ದರಿಂದಲೇ ಗಂಡ ಬಿದ್ದ ಎಂದು ಹೆಂಡತಿಯತ್ತ ಬೆರಳು ತೋರುವುದು ಅಗ್ಗದ ಲೆಕ್ಕಾಚಾರ ಎಂದಷ್ಟೇ ಹೇಳುತ್ತೇನೆ.

ನಂಬಿಕೆಯಿಲ್ಲದ ಮೇಲೆ ಅದೆಂಥ ಸಂಸಾರ ಎಂದು ಕೇಳುವವರಿದ್ದಾರೆ. ನಮ್ಮ ಕಿರಾಣಿ ಅಂಗಡಿಯವನು ಉದ್ರಿ ಪುಸ್ತಕ ನಡೆಸುವುದನ್ನು ನೋಡಿ. ಹಳೆಯ ಬಾಕಿ ಇರುವವನಿಗೂ ಅವನು ಸಾಮಾನು ಕೊಡುತ್ತಾನೆ, ಮಾತಾಡಿಸುತ್ತಾನೆ, ಮಗಳ ಮದುವೆಗೆ ಹೋಗಿ ಬರುತ್ತಾನೆ. ಆದರೆ ಬಾಕಿ ತೀರಿಸುತ್ತೇನೆಂಬ ಮಾತಿನ ಮೇಲೆ ಪುಟವನ್ನು ಹೊಡೆದುಹಾಕುವುದಿಲ್ಲ, ಬಂದಷ್ಟು ಬರೆದುಕೊಳ್ಳುತ್ತಾನೆ. ಅವನನ್ನು ಯಾರೂ ನಿರ್ದಯಿ ಎನ್ನುವುದಿಲ್ಲ. ಪ್ರೀತಿ, ಮರುಕ, ಜೊತೆಗಿರುವ ನಿರ್ಧಾರ, ಇವು ನಂಬಿಕೆಗಿಂತ ಮೊದಲೇ ಇರಬಲ್ಲವು. ಅಷ್ಟು ವರ್ಷ ಇದ್ದದ್ದೂ ಅವುಗಳ ಬಲದ ಮೇಲೆಯೇ. ನಂಬಿಕೆ ಮಾತ್ರ ತಡವಾಗಿ ಬರುತ್ತದೆ. ಒತ್ತಾಯಕ್ಕೆ ಅದರ ನಟನೆ ಬೇಗ ಬರುತ್ತದೆ.

ಅವನ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯ. ಬಿಟ್ಟು ಬಂದವನಿಗೆ ಮನೆಯೇ ಪರೀಕ್ಷೆಯ ಕೋಣೆಯಾಗುತ್ತದೆ. ತಡವಾದರೆ ಎಲ್ಲರ ಕಣ್ಣು ಗಡಿಯಾರದ ಮೇಲೆ, ಕೆಮ್ಮಿದರೆ ಎಲ್ಲರ ಮೂಗು ಅವನ ಕಡೆ. ಮದುವೆ, ಬೀಗರೂಟ, ಜಾತ್ರೆ, ಹೊಸ ವರ್ಷದ ರಾತ್ರಿ ಒಂದೊಂದೂ ಅವನಿಗೆ ಬೇರೆಯದೇ ಗಂಡಾಂತರ, ಏಕೆಂದರೆ ನಮ್ಮ ಗಂಡಸರ ಸ್ನೇಹದ ಭಾಷೆಯೇ ಗ್ಲಾಸಿನ ಸುತ್ತ ಬೆಳೆದಿದೆ. ಅದನ್ನು ಬಿಟ್ಟವನಿಗೆ ಸಂಜೆಗೆ ಮಾತಾಡಲು ಜನವೇ ಇರುವುದಿಲ್ಲ. ವ್ಯಸನ ಕಾಯಿಲೆ, ಕಾಯಿಲೆಯವನನ್ನು ಅನುಮಾನಿಸುತ್ತಾರೆಯೇ ಎಂಬ ಪ್ರಶ್ನೆಗೂ ತೂಕವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಸೇರಿಸಿದೆ. ಕಾಯಿಲೆ ಎಂದು ಒಪ್ಪುವುದರಿಂದಲೇ ನನ್ನ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಸಕ್ಕರೆ ಕಾಯಿಲೆಯವರು ರಕ್ತಪರೀಕ್ಷೆ ಮಾಡಿಸಿಕೊಂಡರೆ ಅವರಿಗೆ ಅವಮಾನವಾಯಿತು ಎಂದು ಯಾರೂ ಅನ್ನುವುದಿಲ್ಲ. ತನ್ನ ಸ್ಥಿತಿಯನ್ನು ದಿನಾ ಒಂದು ಹೊತ್ತು ತಾನೇ ತೋರಿಸಿ ಹಗುರಾಗುವುದು, ಇಡೀ ದಿನ ಕದ್ದುನೋಟಗಳ ನಡುವೆ ಓಡಾಡುವುದಕ್ಕಿಂತ ಗೌರವದ ಬದುಕು. ಅವನು ಒಮ್ಮೆ ಜಾರಿದರೂ ಆ ಹೊತ್ತಿನಲ್ಲಿ ಹೇಳಬಹುದು. ಜಾರಿದ ದಿನವೇ ಬಾಯಿಬಿಟ್ಟು ಫಾಲೋ-ಅಪ್‌ಗೆ ಹೋದವನು ಒಂದು ಸಲದ ತಪ್ಪಿನಿಂದ ಎದ್ದು ಬರುವ ಸಂಭವ ಇದೆ. ಇಷ್ಟು ನಂಬಿದವಳಿಗೆ ಹೇಗೆ ಹೇಳಲಿ ಎಂದು ಮುಚ್ಚಿಟ್ಟವನು ಆ ನಾಚಿಕೆಯನ್ನು ಮರೆಯಲು ಇನ್ನೊಂದು ಕ್ವಾರ್ಟರ್ ಹುಡುಕುತ್ತಾನೆ.

ಈ ಕರಾರು ಎಲ್ಲ ಮನೆಗೂ ಹೊಂದುವುದಿಲ್ಲ. ಹೊಡೆತ ಬಡಿತ ಇದ್ದ ಮನೆಯಲ್ಲಿ, ಕುಡಿತ ನಿಂತರೂ ಕೈ ನಿಲ್ಲದ ಗಂಡಸಿನ ಮುಂದೆ, ಬೆಳಗಿನ ಮಾತ್ರೆಯ ಸಾಕ್ಷಿಯಾಗಿ ನಿಲ್ಲು ಎಂದು ಹೆಂಗಸಿಗೆ ಹೇಳುವುದು ಅಪಾಯ. ಅಲ್ಲಿ ಮೊದಲು ಅವಳ ಜೀವ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಸಂರಕ್ಷಣಾಧಿಕಾರಿ, 181ರ ಮಹಿಳಾ ಸಹಾಯವಾಣಿ, ಅವನ ಕುಡಿತದ ಸ್ಥಿತಿ ಏನೇ ಇರಲಿ ಅವಳಿಗೆ ಲಭ್ಯ. ಮನಸ್ಸಿನ ಭಾರಕ್ಕೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫೋನು ಮಾಡಲು ರೋಗಿಯೇ ಆಗಿರಬೇಕೆಂದೇನಿಲ್ಲ. ನಂಬಿಕೆಯನ್ನು ಒತ್ತಾಯಿಸಬಾರದು ಎಂಬ ನ್ಯಾಯ ಮಕ್ಕಳಿಗೂ ಸಲ್ಲುತ್ತದೆ. ‘ಅಪ್ಪ ಸರಿಹೋದರು, ಹೋಗಿ ತಬ್ಬಿಕೋ’ ಎಂದು ದೂಡಬಾರದು. ಅವುಗಳ ಲೆಕ್ಕ ನಮ್ಮದಕ್ಕಿಂತ ನಿಧಾನ, ಮತ್ತು ಹೆಚ್ಚು ಪ್ರಾಮಾಣಿಕ.

ಕೊನೆಗೆ ಉಳಿಯುವುದು ಮನೆಯ ಆಡಳಿತ. ಇದರ ಬಗ್ಗೆ ಕೇಂದ್ರಗಳಲ್ಲಿ ಬಹಳ ಕಡಿಮೆ ಮಾತಾಡುತ್ತಾರೆ, ಮನೆಗಳಲ್ಲಿ ಇದೇ ಹೆಚ್ಚು ಸುಡುತ್ತದೆ. ಜಾಕ್ಸನ್ ಹೇಳಿದ ಏಳನೆಯ ಹಂತ, ಅಂದರೆ ಕುಡಿತ ಬಿಟ್ಟ ಗಂಡನ ಜೊತೆ ಇಡೀ ಕುಟುಂಬ ಮತ್ತೆ ಹೊಂದಿಕೊಳ್ಳುವುದು, ಬರೀ ಸಂತೋಷದ ಹಂತವಲ್ಲ. ಅಷ್ಟು ವರ್ಷ ಬಾಡಿಗೆ ಕಟ್ಟಿದವಳು, ಸ್ಕೂಲಿಗೆ ಸಹಿ ಹಾಕಿದವಳು, ಸಂಘದ ಸಾಲ ತೀರಿಸಿದವಳು, ಹೆಣ್ಣು ನೋಡಲು ಬಂದವರ ಮುಂದೆ ಯಜಮಾನನ ಜಾಗದಲ್ಲಿ ಕೂತು ಮಾತಾಡಿದವಳು ಅವಳು. ಈಗ ಎದ್ದು ನಿಂತವನು ತನ್ನ ಕುರ್ಚಿ ಕೇಳುತ್ತಾನೆ. ಬಳಗವೂ ಹೌದು ಅನ್ನುತ್ತದೆ: ಯಜಮಾನನಿಗೆ ಜವಾಬ್ದಾರಿ ಕೊಟ್ಟರೆ ತಾನೇ ಅವನು ನೆಟ್ಟಗಾಗುವುದು. ಜವಾಬ್ದಾರಿ ಕೊಡಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಕ್ಕಳನ್ನು ಸ್ಕೂಲಿಗೆ ಬಿಡುವುದು, ಗ್ಯಾಸ್ ಬುಕ್ ಮಾಡುವುದು, ತರಕಾರಿ ತರುವುದು, ಸಂಜೆ ಏಳರ ಹೊತ್ತಿಗೆ ಬೇಕಾದ ಒಂದು ಕೆಲಸ, ಇವನ್ನು ಮೊದಲ ದಿನದಿಂದಲೇ ಕೊಡಬಹುದು. ಕೈ ಖಾಲಿಯಿರುವ ಗಂಡಸಿಗೆ ಸಂಜೆ ಬಹಳ ಉದ್ದ. ಹಣದ ವಿಚಾರಕ್ಕೆ ಬೇರೆ ಅಳತೆ ಬೇಕು. ಸಂಬಳ ಅವಳ ಖಾತೆಗೆ ಬೀಳುವಂತೆ ಮಾಡಿಕೊಂಡ ಮನೆಗಳಿವೆ, ಎಟಿಎಂ ಕಾರ್ಡು ಅವಳ ಹತ್ತಿರವೇ ಇಟ್ಟು ದಿನದ ಬಸ್ಸು ಕಾಫಿಗೆ ಎಣಿಸಿ ಕೊಡುವವರಿದ್ದಾರೆ, ಯುಪಿಐ ಬಂದ ಮೇಲೆ ಯಾವ ಅಂಗಡಿಗೆ ಎಷ್ಟು ಹೋಯಿತೆಂದು ಫೋನೇ ತೋರಿಸುವುದರಿಂದ ಅರ್ಧ ಜಗಳ ಕಡಿಮೆಯಾದ ಮನೆಗಳೂ ಇವೆ. ಇದನ್ನು ಅವನು ಒಪ್ಪಿ ಮಾಡಿದರೆ ಕರಾರು, ಕಿತ್ತುಕೊಂಡು ಮಾಡಿದರೆ ಇನ್ನೊಂದು ಯುದ್ಧ. ತಿಂಗಳು ಕಳೆದಂತೆ ಒಂದೊಂದನ್ನೇ ಅವನ ಕೈಗೆ ಕೊಡುತ್ತ ಹೋಗಬಹುದು. ಆದರೆ ತಾನು ದುಡಿದು ಕಟ್ಟಿದ ಚೀಟಿ, ತನ್ನ ಹೆಸರಿನ ಠೇವಣಿ, ಮನೆಯ ದೊಡ್ಡ ತೀರ್ಮಾನಗಳಲ್ಲಿ ತನ್ನ ಮಾತು, ಇವನ್ನು ಅವಳು ಹಿಂದಕ್ಕೆ ಕೊಡಬೇಕಾಗಿಲ್ಲ. ಅವನು ಐದು ವರ್ಷ ದಾಟಿದರೂ ಕೊಡಬೇಕಾಗಿಲ್ಲ. ಅವು ಅವನ ಕುಡಿತದ ಕಾಲದಲ್ಲಿ ಅವಳ ಕೈಗೆ ಬಂದವು ನಿಜ, ಬಂದದ್ದು ಮಾತ್ರ ಅವಳ ದುಡಿಮೆಯಿಂದ.